ಕರೆಂಟ್ ಶಿವಮಲ್ಲುವಿನ ಪೂರ್ವಾಪರ

ನನಗೊಂದು ಚಟವಿದೆ. ಎಲೆಅಡಿಕೆ, ನಶ್ಯ, ಇಸ್ಪೀಟು ಯಾವುದೂ ಅಲ್ಲ. ಅವಾಗಿದ್ದರೆ ನನ್ನ ಹೆಂಡತಿ ವಿಶಾಲು ಬೈದು ಬಿಡಿಸುತ್ತಿದ್ದಳು. ಬೇರೆಯವರ ಬಾಯಿಂದ ಬಿದ್ದುಹೋದ ಹಕಾರವನ್ನು ಹೆಕ್ಕಿ, ಒರೆಸಿ, ಮತ್ತೆ ಅದರ ಜಾಗದಲ್ಲಿ ಕೂರಿಸುವ ಚಟ. ನಂಜನಗೂಡಿನ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟರಾಗಿದ್ದವನಿಗೆ ಇನ್ನೆಂಥ ಚಟ ಅಂಟಿಕೊಂಡೀತು? ನಮ್ಮ ಸೀಮೆಯಲ್ಲಿ ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. 'ನಾನು ಮರ ಹತ್ತಿದೆ' ಎಂದು ಬರೆಯಬೇಕಾದ ಹುಡುಗ 'ನಾನು ಮರ ಅತ್ತಿದೆ' ಎಂದು ಬರೆದರೆ ಅತ್ತವನು ಅವನೋ, ಮರವೋ ಎಂದು ನಾನು ತಲೆ ಕೆರೆದುಕೊಳ್ಳಬೇಕು. ಕೆಂಪು ಶಾಯಿಯಲ್ಲಿ ನಾನು ಸೇರಿಸಿದ ಹಕಾರಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಂಜನಗೂಡಿನಿಂದ ತಾಂಡವಪುರದ ತನಕ ಹೋಗಬಹುದು. ಒಂದು ವರ್ಷವಂತೂ ನನ್ನ ಕಾಟ ತಾಳಲಾರದೆ ಮಕ್ಕಳು ಕಂಡಕಂಡಲ್ಲೆಲ್ಲ ಹ ತುರುಕತೊಡಗಿದರು. 'ನಮ್ಮ ಹಮ್ಮ ಹಡುಗೆ ಮಾಡುತ್ತಾಳೆ' ಎಂದು ಒಬ್ಬಳು ಬರೆದಿದ್ದಳು. ಆ ನೋಟ್‌ಬುಕ್ಕನ್ನು ಸ್ಟಾಫ್ ರೂಮಿಗೆ ಒಯ್ದು ಎಲ್ಲರಿಗೂ ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಹಾಗೆ ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ನಿವೃತ್ತನಾದ ಮೇಲೆ ತಿದ್ದುವುದಕ್ಕೆ ನೋಟ್‌ಬುಕ್ಕು ಸಿಗದೆ ಕೈ ತುರಿಸುತ್ತಿದ್ದಾಗ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಆಗಲೇ ಒಂದು ಸುದ್ದಿ ಹಬ್ಬಿತ್ತು. ಗ್ಯಾಸ್ ಸ್ಟೌ ರಿಪೇರಿ ಮಾಡುತ್ತೇನೆಂದು ಯಾರೋ ಪಕ್ಕದ ಬಡಾವಣೆಯ ಒಂದು ಮನೆಗೆ ನುಗ್ಗಿ, ಸ್ಟೌ ಬಿಚ್ಚಿ ಹರಡಿ, 'ಒಂದು ಸ್ಕ್ರೂ ತರ್ತೀನಿ ತಾಯಿ' ಎಂದು ಹೊರಟವನು ಕುಕ್ಕರನ್ನೂ ಜೊತೆಗೆ ಕರೆದುಕೊಂಡು ಹೋದನಂತೆ. ಯಾವ ಮನೆ, ಯಾವ ಕುಕ್ಕರು ಯಾರಿಗೂ ಗೊತ್ತಿರಲಿಲ್ಲ. ಆದರೂ ಸಂಘ ಸಭೆ ಸೇರಿ ತೀರ್ಮಾನ ಮಾಡಿತು: ಮನೆಯೊಳಗೆ ಬಂದು ರಿಪೇರಿ ಮಾಡುವ ಯಾರೇ ಆಗಲಿ, ಲೈಸೆನ್ಸ್ ತೋರಿಸಬೇಕು, ಪೊಲೀಸರ ಪರಿಶೀಲನಾ ಪತ್ರ ತರಬೇಕು, ಆಮೇಲೆ ಸಂಘದಿಂದ ಪಾಸ್ ಪಡೆಯಬೇಕು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಾನು ಎದ್ದು ನಿಂತು, 'ಪೊಲೀಸಿನವರು ಕಾಗದ ನೋಡ್ತಾರೆ, ನಾವು ಮನುಷ್ಯನ್ನ ನೋಡಬೇಕು. ಅವನ ಹುಟ್ಟೂರಿಗೇ ಹೋಗಿ ವಿಚಾರಿಸಬೇಕು' ಎಂದೆ. ಹಾಗಾದರೆ ನೀವೇ ಹೋಗಿ ಎಂದರು. ರಾತ್ರಿ ಊಟ ಬಿಟ್ಟು ಕೂತು ಹದಿನಾಲ್ಕು ಕಲಮುಗಳ ಒಂದು ನಮೂನೆ ತಯಾರಿಸಿದೆ. ಅದರ ಹೆಸರು 'ಗೃಹೋಪಯೋಗಿ ರಿಪೇರಿದಾರರ ಪೂರ್ವಾಪರ ವಿಚಾರಣಾ ಪತ್ರ'. ವಿಶಾಲು ಅದನ್ನು ಓದಿ, 'ಪೂರ್ವ ಸರಿ, ಈ ಅಪರ ಯಾಕ್ರೀ? ಅಪರ ಅಂದರೆ ಸತ್ತ ಮೇಲೆ ಮಾಡೋದಲ್ವಾ?' ಎಂದಳು. ಪೂರ್ವಾಪರ ಎಂದರೆ ಹಿಂದುಮುಂದು ಎಂದು ಅವಳಿಗೆ ಸಮಾಸ ಬಿಡಿಸಿ ಪಾಠ ಮಾಡಿದೆ.

ಮೊದಲ ಅರ್ಜಿ ಬಂದದ್ದು ಶಿವಮಲ್ಲುವಿನದು. ಕರೆಂಟ್ ಶಿವಮಲ್ಲು ಎಂದರೆ ನಮ್ಮ ಬಡಾವಣೆಯ ನೂರಿಪ್ಪತ್ತು ಮನೆಗಳಿಗೂ ಗೊತ್ತು. ಮೂರು ವರ್ಷದಿಂದ ಫ್ಯಾನು, ಗೀಸರು, ನೀರಿನ ಮೋಟಾರು ಎಲ್ಲಕ್ಕೂ ಅವನೇ. ಸುಮಾರು ಮೂವತ್ತೈದರ ವಯಸ್ಸು, ಸಣಕಲು ಮೈ, ಮಾತು ಕಡಿಮೆ. ನಡೆದರೆ ಸದ್ದೇ ಆಗುವುದಿಲ್ಲ. ಹಿಂದೆ ಬಂದು ನಿಂತು 'ಸಾ' ಎಂದಾಗಲೇ ಬಂದಿದ್ದಾನೆಂದು ತಿಳಿಯುವುದು. ಲೈಸೆನ್ಸ್ ತೋರಿಸಿದ. ಅದರ ಫೋಟೋ ಬಿಸಿಲಿಗೋ ಬೆವರಿಗೋ ಮಾಸಿ ಮುಖವೆಲ್ಲ ಬಿಳಿಚಿಕೊಂಡು ಮೀಸೆಯೊಂದೇ ಉಳಿದಿತ್ತು. ಪೊಲೀಸರ ಪತ್ರವೂ ಇತ್ತು. 'ಸುಕ್ರವಾರದೊಳಗೆ ನಿಮ್ಮ ಪಾಸ್ ಒಂದು ಕೊಟ್ಬುಡಿ ಸಾ' ಎಂದ. ಒಂದು ಕಲ್ಯಾಣ ಮಂಟಪದವರು ಅವನನ್ನು ಕಾಯಂ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಒಪ್ಪಿದ್ದರಂತೆ. ನಮ್ಮ ಸಂಘದ ಪಾಸ್ ತಂದರೆ ಶನಿವಾರದಿಂದಲೇ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. ಬೀದಿ ಬೀದಿ ಅಲೆದು ಸಾಕಾಗಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ನನಗೋ ಹದಿನಾಲ್ಕು ಕಲಮು ಭರ್ತಿ ಮಾಡುವ ಉತ್ಸಾಹ.

ಇದೇ ಹೊತ್ತಿಗೆ ನಮ್ಮ ಮನೆಯಲ್ಲೊಂದು ತೊಂದರೆ ಶುರುವಾಗಿತ್ತು. ಕಾಲಿಂಗ್ ಬೆಲ್ ತಾನಾಗಿಯೇ ಹೊಡೆದುಕೊಳ್ಳುತ್ತಿತ್ತು. ಅದೂ ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಓಡಾಡದ ಹೊತ್ತಿನಲ್ಲಿ, ಒಂದೇ ಒಂದು ಸಲ. ಹೋಗಿ ನೋಡಿದರೆ ಗೇಟು ಮುಚ್ಚಿದಂತೆಯೇ ಇರುತ್ತಿತ್ತು. ನಮ್ಮ ತಾಯಿ ಇದ್ದಾಗ ಒಂದು ಮಾತು ಹೇಳುತ್ತಿದ್ದಳು: ನಡುಮಧ್ಯಾಹ್ನ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೆಯ ಸಲಕ್ಕೇ ಓ ಅನ್ನಬೇಡ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಅದಾದರೆ ಒಂದೇ ಸಲ. 'ಅದು' ಎಂದರೆ ಯಾವುದು ಎಂದು ಅವಳು ಯಾವತ್ತೂ ಬಿಡಿಸಿ ಹೇಳಲಿಲ್ಲ. ವ್ಯಾಕರಣದ ಮೇಷ್ಟರಾದ ಮೇಲೂ ಆ ಸರ್ವನಾಮ ಯಾವ ನಾಮಪದಕ್ಕೆ ಸೇರಿದ್ದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅರ್ಜಿ ಕೊಡಲು ಬಂದ ಶಿವಮಲ್ಲುವಿಗೇ ಬೆಲ್ ತೋರಿಸಿದೆ. ಗೇಟಿನ ಕಂಬದಲ್ಲಿರುವ ಸ್ವಿಚ್ಚಿನ ಹತ್ತಿರ ಬಗ್ಗಿ, ಒಂದು ಕಣ್ಣು ಮುಚ್ಚಿ, ತುಂಬ ಹೊತ್ತು ನೋಡಿದ. ಆಮೇಲೆ ಮೆತ್ತಗೆ, 'ಅಲ್ಲಿ ಅದೆ ಸಾ' ಎಂದ.

ಅವನ ಬೆರಳು ತೋರಿಸಿದ ದಿಕ್ಕಿಗೆ ನೋಡಿದೆ. ಎದುರಿನ ಖಾಲಿ ಸೈಟು, ಅದರ ಮೂಲೆಯಲ್ಲೊಂದು ಬೇವಿನ ಮರ. ಏನೂ ಕಾಣಲಿಲ್ಲ.

'ಎಲ್ಲಯ್ಯಾ?'

'ಅಲ್ಲೇ ಸಾ. ಬಿಸ್ಲೊತ್ನಲ್ಲಿ ಬತ್ತದೆ. ಓಡ್ಸುದ್ರೂ ತಿರ್ಗಾ ಬತ್ತದೆ. ಇವತ್ತು ಸಾಮಾನು ತಂದಿಲ್ಲ, ಆಮೇಲೆ ಬಂದು ತೆಗೀತೀನಿ. ಬತ್ತೀನಿ ಸಾ' ಎಂದು ಹೊರಟುಹೋದ. ಓಡಿಸಿದರೂ ಮತ್ತೆ ಬರುವಂಥದ್ದು ಏನು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ತಿರುವು ದಾಟಿದ್ದ. ಅವನಿಗೆ ಮಾತ್ರ ಅದು ಕಂಡದ್ದು ಹೇಗೆ ಎಂದು ಯೋಚಿಸುತ್ತ ಗೇಟಿಗೆ ಚಿಲಕ ಹಾಕಿದೆ.

ಮರುದಿನವೇ ನಮೂನೆ ಹಿಡಿದು ಅವನ ಹುಟ್ಟೂರಾದ ನರಸೀಪುರದ ಬಸ್ಸು ಹತ್ತಿದೆ. ಅರ್ಜಿಯಲ್ಲಿದ್ದ ವಿಳಾಸ ಹೊಳೆಯ ಕಡೆಯ ಒಂದು ಬೀದಿ, ಲೈಟು ಕಂಬದ ಎದುರು ಮನೆ. ಬಸ್ಸಿಳಿದು ಹುಡುಕಿಕೊಂಡು ಹೋಗುವಾಗ ಸೂರ್ಯ ನೆತ್ತಿಯ ಮೇಲಿದ್ದ. ಬೀದಿಯ ಉದ್ದಕ್ಕೂ ಬಾಗಿಲುಗಳೆಲ್ಲ ಮುಚ್ಚಿದ್ದವು. ನನ್ನ ಚಪ್ಪಲಿಯ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಕಂಬದ ಎದುರಿನ ಮನೆಯ ಜಗಲಿಯಲ್ಲಿ ಒಬ್ಬಳು ಅಜ್ಜಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಳು. ಅವಳ ಬೆನ್ನ ಹಿಂದಿದ್ದ ಮುಂಬಾಗಿಲಿಗೆ ದೊಡ್ಡ ಬೀಗ, ಬೀಗದ ಮೇಲೆ ಜೇಡರ ಬಲೆ. ಮನೆಯವರು ಹಿತ್ತಿಲ ಬಾಗಿಲು ಬಳಸುತ್ತಾರೇನೋ ಎಂದುಕೊಂಡೆ.

'ಅಜ್ಜಿ, ಇದು ಶಿವಮಲ್ಲು ಮನೆಯೇನು?'

'ಊಂ ಕಣಪ್ಪ, ನಮ್ ಮಲ್ಲುನ್ದೇಯ.'

'ನಾನು ನಂಜನಗೂಡಿನಿಂದ ಬಂದೆ. ಅವನ ವಿಚಾರ ಒಂದಿಷ್ಟು ತಿಳಿದುಕೊಳ್ಳಬೇಕಿತ್ತು.'

ಅಜ್ಜಿ ಮೊರ ಕೆಳಗಿಟ್ಟಳು. 'ಏನೇಳ್ಲಪ್ಪಾ ಅವನ ಇಸ್ಯವ. ಓದೋನು ಕಣಪ್ಪ.'

ಮೂವತ್ತು ವರ್ಷದ ಚಟ. ಕೈಯಲ್ಲಿ ಕೆಂಪು ಶಾಯಿ ಇಲ್ಲದಿದ್ದರೂ ಮನಸ್ಸು ತಾನಾಗಿಯೇ ಹಕಾರ ಸೇರಿಸಿಬಿಟ್ಟಿತು. ಹೋದೋನು.

'ಎಲ್ಲಿ ಅಜ್ಜಿ?'

ಅವಳು ಎದುರಿನ ಕಂಬ ತೋರಿಸಿದಳು. 'ಅಗಾ, ಆ ಕಂಬದ ಕೆಳಗೇಯ. ಮನೇಲಿ ಲೈಟಿರ್ನಿಲ್ಲ ಕಣಪ್ಪ. ಅಲ್ಲೇ ಓದೋನು.'

'ಯಾವಾಗ?'

'ಸಣ್ ವಯಸ್ನಾಗೇ. ಅವ್ರಪ್ಪ ಬ್ಯಾಡ ಕಣ್ಲಾ ಬ್ಯಾಡ ಕಣ್ಲಾ ಅಂತ ಬಡ್ಕೊಂಡ. ಕೇಳ್ಬೇಕಲ್ಲ. ಕರೆಂಟ್ ಓದ್ರೂ ಓದೋನು ನಮ್ ಮಲ್ಲು.'

ಮನೆಯಲ್ಲಿ ದೀಪವಿಲ್ಲವೆಂದು ಕಂಬ ಹತ್ತಿದ್ದಾನೆ, ಅಪ್ಪ ಬೇಡವೆಂದರೂ ಕೇಳಿಲ್ಲ, ಕರೆಂಟ್ ಹೋಗಿದ್ದಾಗಲೇ ಹೋಗಿದ್ದಾನೆ. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿತು. ಹಾಗಾದರೆ ನಿನ್ನೆ ನಮ್ಮ ಗೇಟಿನ ಹತ್ತಿರ ಒಂದು ಕಣ್ಣು ಮುಚ್ಚಿ ಬಗ್ಗಿದ್ದವನು ಯಾರು? ನಾನು ಜಗಲಿಯ ಅಂಚು ಹಿಡಿದುಕೊಂಡೆ. ಅಜ್ಜಿ ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಕೊಟ್ಟಳು. ಕಾದು ಕೆಂಡವಾಗಿದ್ದ ಆ ಜಗಲಿಯ ಮೇಲಿದ್ದ ಚೊಂಬಿನ ನೀರು ಬಾವಿಯಿಂದ ಆಗ ತಾನೇ ಸೇದಿದ ಹಾಗೆ ತಣ್ಣಗಿತ್ತು. ಕುಡಿದು ಹೊರಟೆ.

'ಅಜ್ಜಿ ಕೇಳುದ್ಲು ಅಂತ ಏಳಪ್ಪ' ಎಂದಳು ಹಿಂದಿನಿಂದ.

'ಯಾರಿಗೆ ಅಜ್ಜಿ?'

'ಮಲ್ಲೂಗೆ. ನಿಮ್ಮನೆಗೆ ಬತ್ತಾನಲ್ಲ, ಆಗೇಳು.'

ಶಿವಮಲ್ಲು ನನ್ನ ಮನೆಗೆ ಬರುತ್ತಾನೆಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ತಿರುಗಿ ನೋಡುವ ಗೋಜಿಗೆ ಹೋಗದೆ ಬಸ್ ಸ್ಟ್ಯಾಂಡಿಗೆ ಬಂದೆ. ಮೇಷ್ಟರಾದವರು ಓಡಬಾರದು, ಆದ್ದರಿಂದ ಓಡಲಿಲ್ಲ. ಆದರೆ ನನ್ನ ಹಿಂದೆ ಬರುತ್ತಿದ್ದ ಸೈಕಲ್ಲಿನವನು ನನ್ನನ್ನು ದಾಟಲಾಗಲಿಲ್ಲ. ಬಸ್ಸು ಹೊಳೆ ದಾಟುವಾಗ ಕೆಳಗೆ ಯಾರೋ ತಲೆ ಬೋಳಿಸಿಕೊಂಡವರು ಮಡಕೆ ಹಿಡಿದು ನೀರಿಗಿಳಿಯುತ್ತಿದ್ದರು. ನಮ್ಮೂರಿನ ಕಪಿಲೆಯೇ ಹರಿದು ಬಂದು ಇಲ್ಲಿ ಕಾವೇರಿಗೆ ಸೇರುವುದು. ನಮ್ಮ ಕಡೆಯಿಂದ ಹೊರಟದ್ದೆಲ್ಲ ಕೊನೆಗೆ ಇಲ್ಲಿಗೇ ಬರಬೇಕು ಎಂಬ ಯೋಚನೆ ಬಂದು ಕಿಟಕಿ ಮುಚ್ಚಿಕೊಂಡೆ. ನಮೂನೆಯ ಒಂಬತ್ತನೆಯ ಕಲಮು 'ಅರ್ಜಿದಾರರ ಹಾಲಿ ಸ್ಥಿತಿ' ಎಂದಿತ್ತು. ಅದರೆದುರು 'ಹೋದವನು' ಎಂದು ಬರೆದೆ. ಪೂರ್ವ ವಿಚಾರಿಸಲು ಹೋದವನಿಗೆ ಅಪರವೇ ಸಿಕ್ಕಿತ್ತು.

ಮನೆಗೆ ಬಂದು ವಿಶಾಲುವಿಗೆ ಹೇಳಿದೆ. ಅವಳು ನನ್ನಷ್ಟು ಸುಲಭವಾಗಿ ದೆವ್ವವನ್ನು ಒಪ್ಪುವವಳಲ್ಲ. 'ಸತ್ತವನ ಲೈಸೆನ್ಸ್ ಇಟ್ಟುಕೊಂಡು ಇನ್ಯಾರೋ ಬರ್ತಿದ್ದಾರೆ ಅಷ್ಟೆ. ಫೋಟೋದಲ್ಲಿ ಮುಖವೇ ಇಲ್ಲ ನೋಡಿ' ಎಂದಳು. ಅವಳ ಮಾತು ದೆವ್ವಕ್ಕಿಂತ ಭಯಂಕರವಾಗಿತ್ತು. ಸಂಘದ ವಾಟ್ಸಾಪ್ ಗುಂಪಿಗೆ ಕೂಡಲೇ ಬರೆದೆ: 'ಎಲೆಕ್ಟ್ರಿಷಿಯನ್ ಶಿವಮಲ್ಲು ಎಂಬವರು ಬಹಳ ಹಿಂದೆಯೇ ಹೋಗಿಬಿಟ್ಟಿರುವುದಾಗಿ ಹುಟ್ಟೂರಿನ ವಿಚಾರಣೆಯಿಂದ ತಿಳಿದುಬಂದಿದೆ. ಆದ್ದರಿಂದ ಆ ಹೆಸರಿನಲ್ಲಿ ಬರುವವರಿಗೆ ಯಾರೂ ಬಾಗಿಲು ತೆರೆಯಬಾರದು.' ಅರ್ಧ ಜನ 'ಓಂ ಶಾಂತಿ' ಎಂದು ಕೈಮುಗಿದರು. ಉಳಿದರ್ಧ ಜನ, ಹಾಗಾದರೆ ಕಳೆದ ವಾರ ನಮ್ಮ ಮನೆ ಫ್ಯಾನಿಗೆ ರೆಕ್ಕೆ ಹಾಕಿದವರು ಯಾರು ಎಂದು ಕೇಳಿದರು. ನಾನು ಫೋನನ್ನು ಕವುಚಿ ಇಟ್ಟೆ.

ಶುಕ್ರವಾರ ಬಂತು. ವಿಶಾಲು ಬೆಳಿಗ್ಗೆಯೇ ಕಳಲೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ನಾನೊಬ್ಬನೇ ಮಜ್ಜಿಗೆ ಅನ್ನಕ್ಕೆ ಕೈ ಇಟ್ಟಿದ್ದೆ. ಬೆಲ್ ಬಾರಿಸಿತು. ಕೈ ಅಲ್ಲೇ ನಿಂತಿತು. ಓ ಎನ್ನಲಿಲ್ಲ. ಎರಡನೆಯ ಸಲ ಬಾರಿಸಿತು. ಮೂರನೆಯದೂ ಆಯಿತು. ಮೂರಾದರೆ ಮನುಷ್ಯರು ಎಂಬ ಅಮ್ಮನ ಮಾತು ನಂಬಿ ಎಂಜಲು ಕೈಯಲ್ಲೇ ಬಾಗಿಲು ತೆರೆದೆ. ಮೆಟ್ಟಿಲ ಕೆಳಗೆ ಒಂದು ಜೊತೆ ಚಪ್ಪಲಿ, ಮುಂಭಾಗ ಬೀದಿಯ ಕಡೆಗೆ, ಹಿಮ್ಮಡಿ ನನ್ನ ಕಡೆಗೆ. ಅದರ ಪಕ್ಕದಲ್ಲಿ ಶಿವಮಲ್ಲು. ದೆವ್ವಕ್ಕೆ ಪಾದ ಹಿಂದುಮುಂದು ಎನ್ನುತ್ತಾರಲ್ಲ, ನಾನು ಅವನ ಮುಖ ನೋಡದೆ ಕಾಲನ್ನೇ ನೋಡಿದೆ. ಬೆರಳುಗಳು ನನ್ನ ಕಡೆಗೇ ಇದ್ದವು. ಹೋಗುವಾಗ ಸುಲಭವಾಗಲೆಂದು ಚಪ್ಪಲಿ ತಿರುಗಿಸಿ ಬಿಟ್ಟಿದ್ದನಷ್ಟೆ.

'ನೀವೂ ಕಾಲೇ ನೋಡ್ತೀರಲ್ಲ ಸಾ' ಎಂದ ಶಿವಮಲ್ಲು. ಅವನ ದನಿ ಇಳಿದುಹೋಗಿತ್ತು. 'ಬೆಳಗಿಂದ ಐದ್ ಮನೆ ಬಾಗ್ಲು ತಟ್ಟಿದೀನಿ. ಒಳಗೆ ಟೀವಿ ಸದ್ದು ಬತ್ತದೆ, ಯಾರೂ ತೆಗೀನಿಲ್ಲ. ಒಬ್ರಮ್ಮ ಕಿಟ್ಕೀಲಿ ಬಗ್ಗಿ ನನ್ ಕಾಲು ನೋಡಿ ಪರದೆ ಎಳ್ಕೊಂಡ್ರು. ಮೂರು ವರ್ಸದಿಂದ ಕಾಫಿ ಕೊಡೋರು ಸಾ ಅವ್ರು. ನಾನೇನು ತಪ್ಪು ಮಾಡ್ದೆ?'

ದೆವ್ವ ಹೀಗೆ ಕೇಳುವುದಿಲ್ಲ. ಆದರೂ ನಾನು ಕಾರ್ಯದರ್ಶಿಯ ಗತ್ತು ಬಿಡದೆ ನಮೂನೆ ತಂದು ಒಂಬತ್ತನೆಯ ಕಲಮು ತೋರಿಸಿದೆ. 'ನಿಮ್ಮ ಮನೆ ಜಗಲಿಯಲ್ಲಿದ್ದ ಅಜ್ಜಿಯೇ ಹೇಳಿದ್ದು. ಕಂಬದ ಕೆಳಗೇ ಹೋದೋನು, ಕರೆಂಟ್ ಹೋದರೂ ಹೋದೋನು, ಅಂತ.'

ಅವನು ಅದನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡ. ಆಮೇಲೆ ನನ್ನನ್ನು ನೋಡಿದ. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. 'ಓದೋನು ಸಾ. ಪುಸ್ತ್ಕ ಓದೋನು. ಮನೇಲಿ ಲೈಟಿರ್ನಿಲ್ಲ, ಬೀದಿ ದೀಪದ ಕೆಳಗೆ ಕುಂತ್ಕೊಂಡು ಓದ್ತಿದ್ದೆ. ಅದೂ ಓದ್ರೆ ಬುಡ್ಡಿ ಇಟ್ಕೊಂಡು ಓದ್ತಿದ್ದೆ. ಅಂಗೇ ಐಟಿಐ ಮುಗ್ಸ್ದೆ.'

ಕರೆಂಟ್ ಓದ್ರೂ ಓದೋನು. ಮೊದಲನೆಯದಕ್ಕೆ ಹಕಾರ ಬೇಕಿತ್ತು, ಎರಡನೆಯದಕ್ಕೆ ಬೇಕಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಓದ್ರೋ ಓದ್ರೋ ಎಂದು ಕೂಗಿಕೊಂಡವನು ನಾನು. ಅಪ್ಪ ಬೇಡವೆಂದರೂ ಬೀದಿ ದೀಪದಡಿ ಕೂತು ಓದಿದ ಒಬ್ಬನನ್ನು ಒಂದೇ ಒಂದು ಅಕ್ಷರ ಹಾಕಿ ಕೊಂದಿದ್ದೆ. ನಾಚಿಕೆಯಾಯಿತು, ನಮ್ಮ ಹಮ್ಮನ ಹಡುಗೆ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. 'ತಪ್ಪಾಯ್ತು ಶಿವಮಲ್ಲು' ಎಂದೆ. ಅವನೆದುರಿಗೇ ಗುಂಪಿಗೆ ಬರೆದೆ, ವಿಚಾರಣೆಯಲ್ಲಿ ಕಾರ್ಯದರ್ಶಿಯ ಕಿವಿಯ ದೋಷದಿಂದ ಪ್ರಮಾದವಾಗಿದೆ, ಶಿವಮಲ್ಲು ಬದುಕಿದ್ದಾರೆ, ಓದಿದವರು, ಎಲ್ಲರೂ ಬಾಗಿಲು ತೆರೆಯಬೇಕು ಎಂದು. ಪಾಸಿಗೆ ಸಹಿ ಮಾಡಿ, ಸೀಲು ಒತ್ತಿ, ಎರಡೂ ಕೈಯಲ್ಲಿ ಕೊಟ್ಟೆ. ಕಲ್ಯಾಣ ಮಂಟಪದವರಿಗೂ ನಾನೇ ಫೋನು ಮಾಡಿದೆ. ಬೆಳಿಗ್ಗೆ ಯಾರೋ ಇನ್ನೊಬ್ಬ ಬಂದು ಕೇಳಿಕೊಂಡು ಹೋಗಿದ್ದನಂತೆ. ಸಂಜೆಯೊಳಗೆ ಶಿವಮಲ್ಲು ಬಂದರೆ ಕೆಲಸ ಅವನಿಗೇ ಎಂದರು. ಅವನ ಮುಖಕ್ಕೆ ರಕ್ತ ಬಂದದ್ದನ್ನು ಕಂಡು ನನ್ನ ಮುಖಕ್ಕೂ ಬಂತು.

ಹೋಗುವ ಮುಂಚೆ ಬೆಲ್ ಸರಿಮಾಡುತ್ತೇನೆಂದು ಗೇಟಿನ ಕಂಬದ ಸ್ವಿಚ್ಚು ಬಿಚ್ಚಿದ. ಕಡ್ಡಿಯಿಂದ ಕೆದಕಿದಾಗ ಒಳಗಿನಿಂದ ಒಂದು ದಪ್ಪ ಹಲ್ಲಿ ತೊಪ್ಪೆಂದು ಬಿದ್ದು, ಖಾಲಿ ಸೈಟಿನ ಕಡೆ ಓಡಿತು. 'ಅವತ್ತೇ ಏಳಿರ್ನಿಲ್ವಾ ಸಾ, ಅಲ್ಲಿ ಅದೆ ಅಂತ' ಎಂದ. ಅಲ್ಲಿ ಅಲ್ಲ, ಹಲ್ಲಿ. ಹಾಕಬೇಕಾದ ಕಡೆ ಹ ಹಾಕಿರಲಿಲ್ಲ, ಹಾಕಬಾರದ ಕಡೆ ಹಾಕಿದ್ದೆ. ಅವನು ಸಂದಿಗೆಲ್ಲ ಟೇಪು ಸುತ್ತಿ ಸ್ವಿಚ್ಚು ಮುಚ್ಚಿ, ಇನ್ನು ಇರುವೆಯೂ ನುಗ್ಗುವುದಿಲ್ಲ ಎಂದ.

ಆಗ ನನಗೆ ನೆನಪಾಯಿತು. 'ಅಂದ ಹಾಗೆ ನಿಮ್ಮಜ್ಜಿ ನಿನ್ನನ್ನ ಕೇಳಿದಳು ಅಂತ ಹೇಳೋಕೆ ಹೇಳಿದ್ದಳು.'

ಶಿವಮಲ್ಲುವಿನ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು. 'ಜಗ್ಲೀಲಿ ಕುಂತಿತ್ತಾ?'

'ಹೂಂ. ಹುರುಳಿ ಆರಿಸ್ತಿದ್ದಳು.'

'ಚೊಂಬಲ್ಲಿ ನೀರ್ ಕೊಡ್ತಾ? ತಣ್ಗಿತ್ತಾ?'

'ತುಂಬ ತಣ್ಣಗಿತ್ತು.'

ಅವನು ಸ್ಕ್ರೂಡ್ರೈವರು ಒರೆಸಿ ಒಳಗಿಟ್ಟ. ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡ. 'ನಮ್ಮಜ್ಜಿನೇಯ' ಎಂದ. ಚಪ್ಪಲಿ ಮೆಟ್ಟಿಕೊಂಡು, ನನ್ನ ಕಡೆ ತಿರುಗದೆ, 'ನಮ್ಮಜ್ಜಿ ಓದೋಳು ಸಾ. ಬತ್ತೀನಿ' ಎಂದು ಹೊರಟುಹೋದ.

ಓದೋಳು. ನಾನು ಗೇಟಿನಲ್ಲೇ ನಿಂತೆ. ಓದೋಳೇ ಇರಬಹುದು, ದಾರ ಕಟ್ಟಿದ್ದಾದರೂ ಕನ್ನಡಕವಿತ್ತಲ್ಲ, ಮೊಮ್ಮಗನಿಗೆ ಓದಿನ ಹುಚ್ಚು ಸುಮ್ಮನೆ ಬಂದೀತೇ? ಆದರೆ ಬಾಗಿಲ ಬೀಗ, ಬೀಗದ ಮೇಲಿನ ಬಲೆ, ಆ ನೀರು? ಅವನನ್ನು ಕೂಗಿ ಒಂದೇ ಒಂದು ಅಕ್ಷರ ಕೇಳಿಬಿಡಬಹುದಿತ್ತು. ಅವನಿನ್ನೂ ತಿರುವು ದಾಟಿರಲಿಲ್ಲ. ಕೂಗಲಿಲ್ಲ. ಒಳಗೆ ಬಂದು ನಮೂನೆ ತೆಗೆದೆ. ಕೊನೆಯ ಕಲಮು 'ಮಾಹಿತಿ ನೀಡಿದವರ ಹೆಸರು ಮತ್ತು ಹಾಲಿ ವಾಸ' ಎಂದಿತ್ತು. ಹದಿನಾಲ್ಕರಲ್ಲಿ ಹದಿಮೂರು ತುಂಬಿ ಇದೊಂದನ್ನು ಖಾಲಿ ಬಿಟ್ಟೆ. ಜೀವಮಾನವಿಡೀ ಎಲ್ಲರ ಮಾತಿಗೂ ಕೇಳದೆಯೇ ಹಕಾರ ಹಾಕಿದವನಿಗೆ ಅವತ್ತು ಒಂದನ್ನು ಹಾಕುವ ಧೈರ್ಯವೂ ಇರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ.

ಮತ್ತೆ ಮಜ್ಜಿಗೆ ಅನ್ನಕ್ಕೆ ಕೈ ಇಟ್ಟೆ. ಬೆಲ್ ಬಾರಿಸಿತು. ಒಂದೇ ಸಲ. ಎರಡನೆಯದಕ್ಕೆ ಕಾದೆ, ಬರಲಿಲ್ಲ. ಹಲ್ಲಿ, ಎಂದುಕೊಂಡೆ. ಹಕಾರವನ್ನು ಒತ್ತಿ ಒತ್ತಿ, ಗಟ್ಟಿಯಾಗಿ, ಮೂರು ಸಲ ಹೇಳಿಕೊಂಡೆ.